ಝೂ ಗೇಟು ಮುಚ್ಚಿದೆ, ಮಗು ಅಳ್ತಿದೆ: ಈಗೇನು ಮಾಡೋದು?

ಮಂಡ್ಯದಿಂದ ಬೆಳಿಗ್ಗೆಯೇ ಬಸ್ ಹತ್ತಿ ಬಂದಿದ್ದೀರಿ. ಮೈಸೂರು ಝೂಗೆ ಸಾಮಾನ್ಯವಾಗಿ ಮಂಗಳವಾರ ರಜೆ ಅನ್ನೋದು ಗೇಟಿನ ಹತ್ತಿರ ಬಂದ ಮೇಲೆ ಗೊತ್ತಾಗಿದೆ. ದಾರಿಯುದ್ದಕ್ಕೂ ಜಿರಾಫೆ, ಜಿರಾಫೆ ಅಂತ ಕುಣಿದ ನಾಲ್ಕು ವರ್ಷದ ಮಗಳು ಈಗ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದಾಳೆ.

ಮೊದಲು ಅವಳನ್ನು ಗಾಡಿ ಓಡಾಡದ ಕಡೆ, ನೆರಳಿಗೆ ಎತ್ತಿಕೊಂಡು ಹೋಗಿ. ನೋಡುತ್ತಿರುವ ಜನರನ್ನು ಮರೆತುಬಿಡಿ. ಕುಕ್ಕರಗಾಲಲ್ಲಿ ಕೂತು, ಉಸಿರನ್ನು ನಿಧಾನವಾಗಿ ಬಿಡಿ. ನೀವು ತಣ್ಣಗಾಗದೆ ಅವಳು ತಣ್ಣಗಾಗೋದು ಕಷ್ಟ.

ಈಗ ಬುದ್ಧಿವಾದ ಬೇಡ. ಸಿಟ್ಟು, ದುಃಖ ಹಿಡಿತದಲ್ಲಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯೋದೇ 25ರ ಆಸುಪಾಸಿನಲ್ಲಿ, ಅಂಥದ್ದರಲ್ಲಿ ಬಿಕ್ಕಿ ಬಿಕ್ಕಿ ಅಳುವ ನಾಲ್ಕು ವರ್ಷದ ಮಗುವಿಗೆ ನಿಮ್ಮ ಕಾರಣಗಳು ತಲೆಗೆ ಹತ್ತುತ್ತವಾ? "ಜಿರಾಫೆ ನೋಡ್ಬೇಕು ಅಂತ ಎಷ್ಟು ಆಸೆ ಇತ್ತಲ್ವಾ ಪುಟ್ಟಿ, ತುಂಬ ಬೇಜಾರಾಯ್ತಾ?" ಅಷ್ಟು ಸಾಕು. ಆಮೇಲೆ ಸುಮ್ನಿರಿ. ತಬ್ಬಿಕೊಂಡರೆ ತಬ್ಬಿಕೊಳ್ಳಿ, ತಳ್ಳಿದರೆ ಪಕ್ಕದಲ್ಲೇ ಕೂತಿರಿ. ಹೊಡೆಯಲು ಬಂದರೆ ಕೈ ಹಿಡಿದು, "ಸಿಟ್ಟು ಬರಲಿ, ಹೊಡೆಯೋದು ಬೇಡ" ಅನ್ನಿ.

ಕಷ್ಟ ಇರೋದು ಇಲ್ಲಿಂದ ಮುಂದೆ. "ಅಯ್ಯೋ, ಒಂದು ಐಸ್‌ಕ್ರೀಂ ಕೊಡ್ಸಿ, ಸುಮ್ನಾಗ್ತಾಳೆ" ಅಂತ ಅಜ್ಜಿ ಹೇಳುತ್ತಾರೆ, ಪ್ರೀತಿಯಿಂದಲೇ. ಐಸ್‌ಕ್ರೀಂ ತಪ್ಪಲ್ಲ, ಆದರೆ ಅಳು ನಿಲ್ಲಿಸೋದಕ್ಕೆ ಕೊಡಿಸಬೇಡಿ. ಒಂದು ದಿನ ಬೇಡ ಅಂದು, ಇನ್ನೊಂದು ದಿನ ಅಳು ಜೋರಾಯ್ತು ಅಂತ ಕೊಟ್ಟರೆ, ಇನ್ನೂ ಸ್ವಲ್ಪ ಹೊತ್ತು ಅತ್ತರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಪೊಲೀಸ್ ಹಿಡ್ಕೊಂಡು ಹೋಗ್ತಾರೆ ಅಂತ ಹೆದರಿಸೋದು, ಗಂಡು ಮಗುವಾದರೆ "ಹುಡುಗೀರ ಥರ ಅಳ್ತೀಯಲ್ಲೋ" ಅನ್ನೋದು, ಇವೆರಡನ್ನೂ ದಯವಿಟ್ಟು ಬಿಟ್ಟುಬಿಡಿ. ಅದರಿಂದ ಬೇಜಾರು ಹೋಗಲ್ಲ, ನಿಮ್ಮ ಹತ್ತಿರ ಹೇಳಿಕೊಳ್ಳೋದು ಮಾತ್ರ ನಿಲ್ಲುತ್ತದೆ.

ಅಳು ಇಳಿದ ಮೇಲೆ ನೀರು ಕುಡಿಸಿ. ಹಸಿವು, ನಿದ್ದೆ ಇದ್ದರೆ ಮೊದಲು ಅದನ್ನು ನೋಡಿ. ಎರಡೇ ಎರಡು ಆಯ್ಕೆ ಕೊಡಿ: ಅರಮನೆಗೆ ಹೋಗೋಣವಾ, ಬೆಟ್ಟದ ನಂದಿ ನೋಡೋಣವಾ? (ಕಾರಂಜಿ ಕೆರೆ ಹೆಸರು ಎತ್ತಬೇಡಿ, ಅಲ್ಲೂ ಮಂಗಳವಾರವೇ ರಜೆ.)

ನಿಜವಾದ ಅಭ್ಯಾಸ ಆಗಬೇಕಾದದ್ದು ಮನೆಯಲ್ಲಿ. ಚೌಕಾಬಾರ, ಹಾವು ಏಣಿ ಆಡುವಾಗ ಪ್ರತಿ ಸಲ ಬೇಕಂತಲೇ ಸೋತು ಮಗುವನ್ನು ಗೆಲ್ಲಿಸಬೇಡಿ. ನೀವು ಸೋತಾಗ "ಛೇ, ಬೇಜಾರಾಯ್ತು, ಇನ್ನೊಂದಾಟ ಆಡೋಣ" ಅಂತ ಬಾಯಿಬಿಟ್ಟು ಹೇಳಿ. ಸೋಲನ್ನು ಹೇಗೆ ತಗೋಬೇಕು ಅಂತ ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯೋದು.

ಹಟ ಮಾಡುವಾಗ ಮಗು ತನಗೇ ಪೆಟ್ಟು ಮಾಡಿಕೊಂಡರೆ, ಅಳುತ್ತಾ ಉಸಿರು ಕಟ್ಟಿ ನೀಲಿಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತು ತಡವಾದ ಮಕ್ಕಳು ಹೇಳಲಾಗದೆ ಜಾಸ್ತಿ ಕಿರುಚುತ್ತಾರೆ. ಹಾಗನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ. ನಿಮಗೇ ತಡೆಯಲಾಗದಷ್ಟು ಸುಸ್ತಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.