ಹೊಸ ಮೌಂಟಿಂಗ್ ಹಾಕಿದರೂ ನಿಲ್ಲದ ನಡುಕ: ಹಳೇ ಡೀಸೆಲ್ ಗಾಡಿಯಲ್ಲಿ ನನ್ನ ಅನುಭವ

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಸಾಕು, ಒಳಗಿನ ಕನ್ನಡಿ ಅದುರಲು ಶುರು. ಹಿಂದೆ ನಿಂತ ಗಾಡಿಯ ಹೆಡ್‌ಲೈಟ್ ಅದರಲ್ಲಿ ಉದ್ದ ಗೆರೆಯ ಹಾಗೆ ಕಾಣುತ್ತಿತ್ತು. ಗೇರ್ ಲಿವರ್ ಮೇಲೆ ಕೈ ಇಟ್ಟರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಎಂಜಿನ್, ಗಾಡಿಯ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರ ತಿರುಗಿಸುತ್ತದೆ. ಎಂಜಿನ್ನನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹಿಡಿದಿಡುವ ರಬ್ಬರಿನ ಆಧಾರವೇ ಮೌಂಟಿಂಗ್. ನನ್ನ ಗಾಡಿಗೆ ಅವು ಮೂರು. ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು, ಗೇರ್ ಬಾಕ್ಸ್ ಕೆಳಗೊಂದು. ರಬ್ಬರ್ ಬಿರುಕು ಬಿಟ್ಟಿದ್ದರಿಂದ ಮೂರನ್ನೂ ಹೊಸದು ಹಾಕಿಸಿದೆ. ನಡುಕ ಕಡಿಮೆ ಆಗಲಿಲ್ಲ, ಇನ್ನಷ್ಟು ಜಾಸ್ತಿ ಆಯ್ತು.

ಆಗ ನಾನೇ ಗಾಡಿ ಕೆಳಗೆ ಮಲಗಿದೆ.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತು ತಿರುಗುವಾಗ ಎರಡು ಸಲ ಉರಿಯುತ್ತದೆ. ಐಡಲ್, ಅಂದರೆ ರೇಸ್ ಕೊಡದೆ ಎಂಜಿನ್ ಓಡುವ ವೇಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ ನಿಮಿಷಕ್ಕೆ 1600 ಹೊಡೆತ, ಅಂದರೆ ಸೆಕೆಂಡಿಗೆ ಸುಮಾರು 27. ಡೀಸೆಲ್‌ನಲ್ಲಿ ಕಂಪ್ರೆಶನ್ ಜಾಸ್ತಿ, ಹೊಡೆತವೂ ಗಟ್ಟಿ. ಇದನ್ನು ಚಾಸಿಗೆ ಬಿಡದೆ ನುಂಗುವುದೇ ಮೌಂಟಿಂಗ್ ರಬ್ಬರಿನ ಕೆಲಸ. ಆದರೆ ರಬ್ಬರ್ ನುಂಗಬೇಕಾದರೆ ಅದಕ್ಕೆ ಆಡಲು ಜಾಗ ಬೇಕು, ಅಲ್ವಾ? ಒಂದು ಪಕ್ಕಕ್ಕೆ ಎಳೆದುಕೊಂಡ ಹಾಗೇ ಬೋಲ್ಟ್ ಬಿಗಿದರೆ ಹೊಸ ರಬ್ಬರ್ ಕೂಡ ಕಬ್ಬಿಣದ ಹಾಗೆ ಸೆಟೆದು ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಆದರೂ ಮೊದಲು ಎಂಜಿನ್ನೇ ಸರಿ ಇದೆಯಾ ಅಂತ ನೋಡಿಕೊಂಡೆ. ಐಡಲ್ 650ಕ್ಕೆ ಇಳಿದಿತ್ತು. ನನ್ನ ಗಾಡಿಗೆ ಇರಬೇಕಾದ 800ಕ್ಕೆ ಏರಿಸಿದೆ, ಅಷ್ಟಕ್ಕೇ ಸ್ವಲ್ಪ ಹಾಯೆನಿಸಿತು. ಆಮೇಲೆ ಸಿಲಿಂಡರಿಗೆ ಡೀಸೆಲ್ ಒಯ್ಯುವ ಒಂದೊಂದೇ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿದೆ. ಪ್ರತಿ ಸಲವೂ ಎಂಜಿನ್ ಸದ್ದು ಕುಗ್ಗಿತು. ಅಂದರೆ ನಾಲ್ಕೂ ಸಿಲಿಂಡರ್ ದುಡಿಯುತ್ತಿವೆ. ಯಾವುದಾದರೂ ಒಂದಕ್ಕೆ ಸದ್ದು ಬದಲಾಗದಿದ್ದರೆ ತೊಂದರೆ ಅಲ್ಲಿದೆ, ಮೌಂಟಿಂಗ್ ಮುಟ್ಟಿ ಪ್ರಯೋಜನ ಇಲ್ಲ. ಈ ಪರೀಕ್ಷೆ ಹಳೇ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗೆ ಮಾತ್ರ. ಕಂಪ್ಯೂಟರ್ ನಿಯಂತ್ರಣದ, ತುಂಬಾ ಹೆಚ್ಚು ಒತ್ತಡದ ಕಾಮನ್ ರೈಲ್ ಎಂಜಿನ್‌ನಲ್ಲಿ ಖಂಡಿತ ಮಾಡಬೇಡಿ. ಹಳೇ ಎಂಜಿನ್‌ನಲ್ಲೂ ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕೈ ದೂರ ಇಡಿ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ.

ಇನ್ನೊಂದು ಪರೀಕ್ಷೆ. ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಮೊದಲನೇ ಗೇರ್‌ನಲ್ಲಿ ಕ್ಲಚ್ ಒಂದು ಕ್ಷಣ ಅರ್ಧ ಬಿಟ್ಟೆ. ಮಗ ಪಕ್ಕದಲ್ಲಿ ನಿಂತು ಎಂಜಿನ್ ನೋಡುತ್ತಿದ್ದ. ಗಾಡಿಯ ಎದುರು ಯಾರೂ ನಿಲ್ಲಬಾರದು, ಅದು ಮುಖ್ಯ. ಮೊದಲ ಗೇರ್‌ನಲ್ಲಿ ಎಂಜಿನ್ನಿನ ಎಡಗಡೆ ಮೇಲೆದ್ದು ಬಲಕ್ಕೆ ವಾಲಬೇಕು, ರಿವರ್ಸ್‌ನಲ್ಲಿ ಅದರ ಉಲ್ಟಾ. ನನ್ನದು ಮೊದಲ ಗೇರ್‌ನಲ್ಲಿ ಚೆನ್ನಾಗಿ ಆಡಿತು. ರಿವರ್ಸ್‌ನಲ್ಲಿ ಸ್ವಲ್ಪ ಎದ್ದು ಟಕ್ ಅಂತ ನಿಂತಿತು. "ಏನೋ ಹಿಡ್ಕೊಂಡ ಹಾಗಿದೆ ಅಪ್ಪಾ" ಅಂದ ಮಗ.

ಟಾರ್ಚ್ ಹಿಡಿದು ಬಲಗಡೆ ಮೌಂಟಿಂಗ್ ನೋಡಿದೆ. ರಬ್ಬರ್ ಹೊಸದೇ, ಅಚ್ಚಿನ ಗೆರೆಗಳು ಇನ್ನೂ ಮಾಸಿರಲಿಲ್ಲ. ಆದರೆ ಒಳಪಕ್ಕದಲ್ಲಿ ಹೊಟ್ಟೆಯ ಹಾಗೆ ಉಬ್ಬಿತ್ತು, ಹೊರಪಕ್ಕದಲ್ಲಿ ಬಿಗಿಯಾಗಿ ಎಳೆದುಕೊಂಡಿತ್ತು. ಮೇಲಿನ ತಗಡಿಗೂ ಕೆಳಗಿನ ತಗಡಿಗೂ ನಡುವಿನ ಅಂತರ ಅಳೆದೆ. ಒಳಗಡೆ 34 ಮಿಲಿಮೀಟರ್, ಹೊರಗಡೆ 39. ಎರಡೂ ಕಡೆ ಒಂದೇ ಇರಬೇಕಾದ ಮೌಂಟಿಂಗ್ ಅದು.

ಹಾಗಾದರೆ ಎಂಜಿನ್ನನ್ನು ಎಳೆಯುತ್ತಿರುವುದು ಏನು? ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಂಜಿನ್ ತಣ್ಣಗಾದ ಮೇಲೆ ಒಂದೊಂದಾಗಿ ಸಡಿಲಿಸುತ್ತಾ ಹೋದೆ. ಎಂಜಿನ್ನಿನ ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡ್ ಕೆಳಗೆ, ಸೈಲೆನ್ಸರ್ ಪೈಪ್ ಬೋಲ್ಟ್ ಹಾಕಿ ಸೇರಿಸುವ ಚಪ್ಪಟೆ ಅಂಚಿಗೆ, ಅಂದರೆ ಫ್ಲ್ಯಾಂಜ್‌ಗೆ ಬಂದೆ. ಕೊನೆಯ ನಟ್ ಸಡಿಲ ಆಗುತ್ತಿದ್ದಂತೆ ಪೈಪ್ ಠಣ್ ಅಂತ ಒಂದು ಬೆರಳಿನಷ್ಟು ಪಕ್ಕಕ್ಕೆ ಹಾರಿತು. ಮೌಂಟಿಂಗ್ ಬದಲಾಯಿಸುವಾಗ ಯಾರೂ ಅದನ್ನು ಬಿಚ್ಚಿಯೇ ಇರಲಿಲ್ಲ. ಪೈಪ್ ಎಳೆದ ಕಡೆಗೆ ಎಂಜಿನ್ ವಾಲಿತ್ತು, ವಾಲಿದ ಹಾಗೇ ಬೋಲ್ಟ್ ಬಿಗಿದಿದ್ದರು. ಅಷ್ಟು ದಿನ ನನ್ನ ಎಂಜಿನ್ ನಿಂತಿದ್ದು ಮೂರು ಮೌಂಟಿಂಗ್ ಮೇಲಲ್ಲ, ಮೂರು ಮೌಂಟಿಂಗ್ ಮತ್ತು ಒಂದು ಸೈಲೆನ್ಸರ್ ಪೈಪ್ ಮೇಲೆ. ಆ ಪೈಪಿಗೆ ರಬ್ಬರ್ ಇಲ್ಲ, ನಡುಕ ನೇರ ಬಾಡಿಗೆ ಹೋಗುತ್ತಿತ್ತು.

ಸೈಲೆನ್ಸರಿನ ಹ್ಯಾಂಗರ್‌ಗಳನ್ನೂ ಸಡಿಲಿಸಿದೆ. ಎಂಜಿನ್ ತಳದ ಆಯಿಲ್ ಚೇಂಬರಿನ ಅಂಚಿಗೆ ಅಗಲವಾದ ಮರದ ಹಲಗೆ ಕೊಟ್ಟು ಜಾಕಿ ಹಚ್ಚಿದೆ. ಚೇಂಬರಿನ ನಡುಮಧ್ಯಕ್ಕೆ ಜಾಕಿ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ರಬ್ಬರಿನ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಿದೆ. ಎತ್ತುವಾಗ ಕಣ್ಣು ಫ್ಯಾನ್ ಮೇಲೆ, ರೇಡಿಯೇಟರ್ ಹೋಸ್ ಮೇಲೆ ಇರಲಿ. ಮೂರೂ ಮೌಂಟಿಂಗಿನ ಬೋಲ್ಟ್ ಸಡಿಲಿಸಿದೆ, ಬಿಚ್ಚಲಿಲ್ಲ. ನಟ್ ಪೂರ್ತಿ ಎಳೆಗೆ ಹತ್ತಿರಬೇಕು, ವಾಷರ್ ಕೈಯಲ್ಲಿ ತಿರುಗುವಷ್ಟು ಸಡಿಲ ಇರಬೇಕು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಜಾಕಿ ಇನ್ನೂ ಎಂಜಿನ್ನಿನ ಭಾರ ಹೊತ್ತಿರುವಾಗಲೇ ಗೇರ್ ಬಾಕ್ಸ್ ಬೋಲ್ಟ್ ಬಿಗಿದುಬಿಟ್ಟೆ. ಜಾಕಿ ಇಳಿಸಿದಾಗ ಮುಂದಿನ ಎರಡೂ ರಬ್ಬರ್ ಮತ್ತೆ ವಾರೆಯಾದವು. ಎಲ್ಲ ಸಡಿಲಿಸಿ ಮೊದಲಿಂದ ಶುರು ಮಾಡಿದೆ. ಈ ಸಲ ಜಾಕಿ ಪೂರ್ತಿ ತೆಗೆದು, ನಾಲ್ಕು ಚಕ್ರವೂ ಸಮ ನೆಲದ ಮೇಲಿದ್ದು, ಎಂಜಿನ್ನಿನ ಭಾರವೆಲ್ಲ ರಬ್ಬರ್ ಮೇಲೆ ಕೂತ ಮೇಲೆ ಎರಡೂ ಕೈಯಲ್ಲಿ ಎಂಜಿನ್ ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಪೈಪನ್ನು ಫ್ಲ್ಯಾಂಜ್‌ಗೆ ಬರೀ ಕೈಬಿಗಿಯಲ್ಲಿ ಸೇರಿಸಿ, ಬ್ಯಾಟರಿ ಜೋಡಿಸಿ, ಒಂದು ನಿಮಿಷ ಐಡಲ್‌ನಲ್ಲಿ ಓಡಿಸಿದೆ. ರೇಸ್ ಕೊಡಲಿಲ್ಲ, ಗೇರ್ ಹಾಕಲಿಲ್ಲ. ಎಂಜಿನ್ ತನ್ನದೇ ನಡುಕದಲ್ಲಿ ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತದೆ. ಆಫ್ ಮಾಡಿದೆ, ಮುಟ್ಟದೆ ಅಲ್ಲಾಡಿಸದೆ ಮುಂದಿನ ಎರಡು, ಆಮೇಲೆ ಗೇರ್ ಬಾಕ್ಸ್, ಕೊನೆಗೆ ಸೈಲೆನ್ಸರ್, ಈ ಕ್ರಮದಲ್ಲಿ ಬಿಗಿದೆ. ಎಷ್ಟು ಬಿಗಿ ಅನ್ನುವುದಕ್ಕೆ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿ, ಟಾರ್ಕ್ ರೆಂಚ್ ಬಳಸಿದೆ.

ಸ್ಟಾರ್ಟ್ ಮಾಡಿದೆ. ಕನ್ನಡಿಯಲ್ಲಿ ಹಿಂದಿನ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಗಂಟಲು ಕಟ್ಟಿತು, ಅಷ್ಟು ದಿನ ಕಾಡಿತ್ತು ಅದು.

ರಸ್ತೆಗೆ ತಂದಾಗ ಇನ್ನೊಂದು ವಿಷಯ ಗೊತ್ತಾಯ್ತು. 50 ಕಿಲೋಮೀಟರ್ ವೇಗ ದಾಟಿದರೆ ಗಾಡಿಯ ನೆಲದಿಂದ ಗುಂಯ್ ಅನ್ನುವ ಅದುರು. ಕ್ಲಚ್ ಒತ್ತಿದರೂ ಅದು ನಿಲ್ಲಲಿಲ್ಲ. ಹಾಗಾದರೆ ಎಂಜಿನ್ನಿನದಲ್ಲ, ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ತಿರುಗುವ ಉದ್ದ ದಂಡ, ಪ್ರೊಪೆಲ್ಲರ್ ಶಾಫ್ಟ್ ಕಡೆಯದು. ಗೇರ್ ಬಾಕ್ಸ್ ಹೊರಬರುವ ಕೋನ ಮತ್ತು ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ (ಶಾಫ್ಟಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಕೋನ ಹೆಚ್ಚುಕಡಿಮೆ ಸಮ ಇರಬೇಕು, ಇಲ್ಲದಿದ್ದರೆ ಶಾಫ್ಟಿನ ಎರಡು ತುದಿಯ ಬಾಗುವ ಕೀಲುಗಳು, ಅಂದರೆ ಯೂನಿವರ್ಸಲ್ ಜಾಯಿಂಟ್‌ಗಳ, ವೇಗದ ಏರಿಳಿತ ಒಂದನ್ನೊಂದು ಅಳಿಸುವುದಿಲ್ಲ. ಕೋನ ಅಳೆಯುವ ಡಿಜಿಟಲ್ ಗೇಜ್ ಇಟ್ಟು ನೋಡಿದೆ. ಒಂದೂವರೆ ಡಿಗ್ರಿ ವ್ಯತ್ಯಾಸ, ಗೇರ್ ಬಾಕ್ಸಿನ ಬಾಲ ಕೆಳಗಿಳಿದಿದೆ.

ಗೇರ್ ಬಾಕ್ಸ್ ಮೌಂಟಿಂಗ್ ಕೂರುವ ಅಡ್ಡ ತೊಲೆ, ಅಂದರೆ ಕ್ರಾಸ್ ಮೆಂಬರ್, ಒರೆಸಿದಾಗ ಕಾರಣ ಸಿಕ್ಕಿತು. ಪೇಂಟ್ ಮೇಲೆ ಒಂದು ಚೌಕದ ಗುರುತು, ಹೊಸ ಮೌಂಟಿಂಗಿನ ಬುಡಕ್ಕಿಂತ ದೊಡ್ಡದು, ಒಳಗೆಲ್ಲ ಹೊಳೆಯುವ ಕಬ್ಬಿಣ. ಅಲ್ಲಿ ಮೊದಲು ಒಂದು ತಗಡಿನ ಪ್ಲೇಟ್ ಇತ್ತು. ಬಿಚ್ಚಿದ ಹಳೇ ಸಾಮಾನಿನ ಡಬ್ಬ ಎಸೆದಿರಲಿಲ್ಲ, ಪುಣ್ಯ. 12 ಮಿಲಿಮೀಟರ್ ದಪ್ಪದ ಪ್ಲೇಟ್ ಅದರ ತಳದಲ್ಲೇ ಇತ್ತು. ಅದನ್ನು ಮತ್ತೆ ಹಾಕಿದಾಗ ವ್ಯತ್ಯಾಸ ಮುಕ್ಕಾಲು ಡಿಗ್ರಿಗೆ ಇಳಿಯಿತು, ಅದುರು ಹೋಯಿತು. ಗೇರ್ ಬಾಕ್ಸ್ ಎತ್ತರ ಬದಲಾದ ಮೇಲೆ ಮುಂದಿನ ಬೋಲ್ಟ್‌ಗಳನ್ನೂ ಮತ್ತೆ ಸಡಿಲಿಸಿ ಕೂರಿಸಬೇಕು, ಆ ಕೆಲಸ ಇನ್ನೊಮ್ಮೆ ಪೂರ್ತಿ ಮಾಡಿದೆ.

ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಬಲಗಡೆ ಮೌಂಟಿಂಗ್ ಮೇಲೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಆಯಿಲ್ ಮತ್ತು ಡೀಸೆಲ್ ಬಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅದಕ್ಕೇ ಕವರಿನ ಗ್ಯಾಸ್ಕೆಟ್ ಬದಲಾಯಿಸಿದೆ. ರಬ್ಬರಿಗೆ ಗ್ರೀಸ್ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ.

ಎಲ್ಲ ನಟ್‌ಗಳ ಮೇಲೂ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. 500 ಕಿಲೋಮೀಟರ್ ಆದ ಮೇಲೆ ಕೆಳಗೆ ಹೋಗಿ ನೋಡಿದೆ. ಎಡಗಡೆ ಮೌಂಟಿಂಗಿನ ಒಂದು ನಟ್ ಕಾಲು ಸುತ್ತು ತಿರುಗಿತ್ತು. ಅದಕ್ಕೆ ಹೊಸ ನಟ್, ಹೊಸ ಸ್ಪ್ರಿಂಗ್ ವಾಷರ್ ಹಾಕಿ ಮತ್ತೆ ಗೆರೆ ಎಳೆದೆ. ಉಳಿದವು ಎಳೆದ ಜಾಗದಲ್ಲೇ ಇದ್ದವು.