ಉದ್ದ ಲೈನನ್ನು ಒಡೆದು ನಾಲ್ಕು ತಂಡ ಮಾಡಿದ ನನ್ನ ಅನುಭವ

ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿರುವ ನಾನು, ಒಬ್ಬೊಬ್ಬರು ಒಂದೊಂದೇ ಹಂತ ಹೊಲಿದು ಮುಂದಕ್ಕೆ ಕೊಡುವ ಶರ್ಟಿನ ಲೈನನ್ನು ಒಡೆದು ಸಣ್ಣ ತಂಡಗಳನ್ನು ಕಟ್ಟುತ್ತೇನೆಂದಾಗ ಮಾಲೀಕರೂ ಒಪ್ಪಲಿಲ್ಲ, ಹಿರಿಯ ಸೂಪರ್‌ವೈಸರ್‌ಗಳೂ ಒಪ್ಪಲಿಲ್ಲ. ಲೀವೈ ಸ್ಟ್ರಾಸ್ ಕಂಪನಿಯು 1992ರಲ್ಲಿ ಅಮೆರಿಕದ ತನ್ನ ಕಾರ್ಖಾನೆಗಳಲ್ಲಿ ಪೀಸ್ ರೇಟ್ (ಒಬ್ಬೊಬ್ಬರು ಹೊಲಿದ ಪೀಸಿನ ಲೆಕ್ಕದ ಕೂಲಿ) ಬಿಟ್ಟು ತಂಡ ಪದ್ಧತಿ ತಂದಾಗ, ಚುರುಕಾದ ಟೈಲರ್‌ಗಳ ಗಳಿಕೆ ಇಳಿದು ತಂಡದೊಳಗೇ ಜಗಳ ಹುಟ್ಟಿದ್ದನ್ನು ಮಾಲೀಕರು ಓದಿದ್ದರು. ಅವರ ಅನುಮಾನ ಸುಳ್ಳಾಗಲಿಲ್ಲ. ಮೊದಲ ಎರಡು ತಿಂಗಳು ನಮ್ಮಲ್ಲೂ ಅದೇ ಆಯಿತು. ಆದರೂ ಈಗ ಹದಿನಾಲ್ಕು ತಿಂಗಳಿನಿಂದ ಈ ಪದ್ಧತಿ ಗಟ್ಟಿಯಾಗಿ ನಡೆಯುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಹಳೆಯ ಲೈನಿನಲ್ಲಿ 42 ಟೈಲರ್‌ಗಳಿದ್ದು, ದಿನದ ಎಂಟು ಗಂಟೆಗಳ ಕೆಲಸದಲ್ಲಿ ಸುಮಾರು 400ರಿಂದ 420 ಶರ್ಟು ಹೊರಬರುತ್ತಿತ್ತು. ನೂರಕ್ಕೆ ಹನ್ನೆರಡು ಪೀಸು ಹೊಲಿಗೆ ಸರಿಪಡಿಸಲು, ಅಂದರೆ ಆಲ್ಟರ್‌ಗೆ ಮರಳುತ್ತಿತ್ತು. ತೋಳು ಕೂಡಿಸುವವರ ಮುಂದೆ ಬಂಡಲ್ ರಾಶಿ ಬಿದ್ದಿದ್ದರೂ ಪಕ್ಕದಲ್ಲಿ ಕೆಲಸವಿಲ್ಲದೆ ಕುಳಿತವರು ಕೈ ಹಾಕುತ್ತಿರಲಿಲ್ಲ, ಏಕೆಂದರೆ ಅದು ಅವರ ಆಪರೇಷನ್, ಅಂದರೆ ಅವರಿಗೆ ವಹಿಸಿದ ಹೊಲಿಗೆಯ ಹಂತ, ಆಗಿರಲಿಲ್ಲ.

ನನ್ನ ಮೊದಲ ತಪ್ಪು, ಇಡೀ ಲೈನನ್ನು ಒಂದೇ ಭಾನುವಾರ ಒಡೆದದ್ದು. ಕಾಲರ್, ಕಫ್ ತಯಾರಿಕೆಯನ್ನೂ ತಂಡಗಳಿಗೆ ಹಂಚಿದ್ದರಿಂದ ಪ್ರತಿ ತಂಡಕ್ಕೂ ಬೇರೆ ಮಷಿನ್ ಬೇಕಾಗಿ, ಹಳೆಯ ಸಿಂಗಲ್ ನೀಡಲ್ ಮಷಿನ್‌ಗಳಿಗೆ ಎಂಬತ್ತು ಸಾವಿರದಷ್ಟು ಖರ್ಚಾಯಿತು. ಉತ್ಪಾದನೆ 290ಕ್ಕೆ ಕುಸಿಯಿತು. ತಡವಾದ ಒಂದು ಆರ್ಡರನ್ನು ವಿಮಾನದಲ್ಲಿ ಕಳುಹಿಸಬೇಕಾಗಿ ಬಂದು ಮೂರೂವರೆ ಲಕ್ಷದ ಆಸುಪಾಸು ಕೈಬಿಟ್ಟಿತು. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಬಿಡಿಭಾಗಗಳ ತಯಾರಿಕೆಯನ್ನು 14 ಮಂದಿಯ ಲೈನಾಗಿಯೇ ಉಳಿಸಿ, ಜೋಡಣೆಯ 28 ಮಂದಿಯನ್ನು ಮಾತ್ರ ಏಳೇಳು ಜನರ ನಾಲ್ಕು ತಂಡ ಮಾಡಿದೆ. ಒಂದೇ ಬಗೆಯ ಕೆಲಸ ಎಡೆಬಿಡದೆ ನಡೆಯುವಲ್ಲಿ ಲೈನ್ ಸಾಕು; ಒಬ್ಬರ ಕೆಲಸ ಇನ್ನೊಬ್ಬರನ್ನು ಕಾಯಿಸುವ ಕಡೆಗೆ ತಂಡ ಬೇಕು ಎಂಬುದು ನನಗೆ ಅಷ್ಟು ಹಣ ಕಳೆದ ಮೇಲೆ ತಿಳಿಯಿತು.

ದುಡ್ಡಿನ ವಿಷಯ ಇದಕ್ಕಿಂತ ಕಷ್ಟವಾಗಿತ್ತು. ಇನ್ಸೆಂಟಿವ್ ಅನ್ನು ಏಳು ಜನರಿಗೆ ಸಮನಾಗಿ ಹಂಚಿದಾಗ, ಮೊದಲು ತಿಂಗಳಿಗೆ ಒಂಬೈನೂರರಷ್ಟು ಹೆಚ್ಚಿಗೆ ಗಳಿಸುತ್ತಿದ್ದ ಹಿರಿಯ ಟೈಲರ್ ಒಬ್ಬರು, "ಸಾರ್, ನನ್ನ ಕೈಯ ಕೆಲಸಕ್ಕೆ ಬೆಲೆಯೇ ಇಲ್ಲವಾಯಿತಲ್ಲ" ಎಂದು ಹೇಳಿ ಕೆಲಸ ಬಿಟ್ಟರು. ಅವರ ಹಿಂದೆಯೇ ಇನ್ನೊಬ್ಬರೂ ಹೋದರು. ಈಗ ಒಂದು ಪಾಲು ತಂಡದ ಒಳ್ಳೆಯ ಪೀಸುಗಳ ಮೇಲೂ, ಇನ್ನೊಂದು ಪಾಲು ಟೈಲರ್‌ಗೆ ಬರುವ ಆಪರೇಷನ್‌ಗಳ ಸಂಖ್ಯೆಯ ಮೇಲೂ ಸಿಗುತ್ತದೆ. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕವನ್ನು ನಾನು ಇಲ್ಲಿ ಕೊಡುವುದಿಲ್ಲ. ಅದನ್ನು ಹೊಂದಿಸಲು ನನಗೆ ಐದು ತಿಂಗಳು ಹಿಡಿದಿದೆ. ಬಿಟ್ಟುಹೋದ ಆ ಹಿರಿಯ ಟೈಲರ್ ಮರಳಿ ಬಂದು, ಈಗ ಸಾವಿರದ ನಾನೂರರವರೆಗೆ ಪಡೆಯುತ್ತಿದ್ದಾರೆ.

ನಡುವೆ, ಟೊಯೊಟಾ ಸಮೂಹದಲ್ಲಿ ಹುಟ್ಟಿದ, ನಿಂತು ಹೊಲಿಯುವ ಪದ್ಧತಿಯನ್ನೂ ಒಂದು ತಂಡದಲ್ಲಿ ಪ್ರಯೋಗಿಸಿದೆ. ಮೂರನೆಯ ದಿನಕ್ಕೆ ಎಲ್ಲರ ಹಿಮ್ಮಡಿ ಊದಿದ್ದನ್ನು ಕಂಡು ಕೈಬಿಟ್ಟು, ಮಷಿನ್‌ಗಳನ್ನು ಲಾಳದ ಆಕಾರದಲ್ಲಿಟ್ಟು ಕುಳಿತೇ ಹೊಲಿಯುವಂತೆ ಮಾಡಿದೆ. ಐರನ್ ವಿಭಾಗದಲ್ಲೂ ತಂಡ ಮಾಡಿ ನೋಡಿದೆನಾದರೂ ಅಲ್ಲಿ ಏನೂ ಲಾಭ ಕಾಣಲಿಲ್ಲ. ಮೆಕ್ಯಾನಿಕ್ ಒಬ್ಬರನ್ನು ಎರಡು ತಂಡಗಳಿಗೆಂದೇ ಬಿಟ್ಟದ್ದು ಮಾತ್ರ ಬಹಳ ಫಲ ಕೊಟ್ಟಿತು: ಮಷಿನ್ ಕೆಟ್ಟಾಗ ಇಪ್ಪತ್ತೈದು ನಿಮಿಷ ನಿಲ್ಲುತ್ತಿದ್ದ ಕೆಲಸ ಈಗ ಎಂಟು ಹತ್ತು ನಿಮಿಷಕ್ಕೆ ಶುರುವಾಗುತ್ತದೆ.

ಗಂಟೆಯ ಲೆಕ್ಕವನ್ನು ಬೋರ್ಡಿನ ಮೇಲೆ ಸೂಪರ್‌ವೈಸರ್ ಬದಲು ತಂಡದವರೇ ಬರೆಯುತ್ತಾರೆ. ಒಮ್ಮೆ ಹನ್ನೊಂದು ಗಂಟೆಯ ಮನೆಯಲ್ಲಿ 16 ಶರ್ಟು ಬರಬೇಕಿದ್ದಲ್ಲಿ ಬಂದದ್ದು 11 ಎಂದು ಬರೆದ ಹುಡುಗಿಯೊಬ್ಬಳು ಸೀಮೆಸುಣ್ಣ ಕೆಳಗಿಟ್ಟವಳೇ, ಯಾರೂ ಹೇಳದೆ ತನ್ನ ಕುರ್ಚಿಯನ್ನು ತೋಳು ಕೂಡಿಸುವ ಮಷಿನ್ ಕಡೆಗೆ ಎಳೆದುಕೊಂಡು ಹೋಗಿ ಕುಳಿತಳು. ಆ ಕ್ಷಣದಲ್ಲಿ ಈ ಕೆಲಸ ಗೆದ್ದಿತೆಂದು ನನಗೆ ಖಾತ್ರಿಯಾಯಿತು.

ಈಗ ನಾಲ್ಕೂ ತಂಡಗಳಿಂದ ದಿನಕ್ಕೆ 520ರ ಆಸುಪಾಸು ಶರ್ಟು ಬರುತ್ತಿದ್ದು, ಆಲ್ಟರ್ ನೂರಕ್ಕೆ ಐದಕ್ಕೆ ಇಳಿದಿದೆ. ಎರಡನೆಯ ಲೈನನ್ನೂ ಒಡೆಯಿರಿ ಎಂದು ಮಾಲೀಕರೇ ಹೇಳಿದ್ದಾರೆ. ಅಲ್ಲಿ ಪ್ರತಿಯೊಬ್ಬರಿಗೂ ಮೂರು ಆಪರೇಷನ್ ಕಲಿಸುವವರೆಗೆ ಒಂದು ಮಷಿನನ್ನೂ ಜರುಗಿಸುವುದಿಲ್ಲವೆಂದು ನಾನು ಮೊದಲೇ ತಿಳಿಸಿದ್ದೇನೆ.