ರೈತರ ಪ್ರಶ್ನೆಯನ್ನೇ ಟೈಟಲ್ ಮಾಡಿದೆ, ವ್ಯೂಸ್ ಬಂತು: ನನ್ನ ಅನುಭವ

ನನ್ನದು ಅಡಿಕೆ ಕೃಷಿಯ ಯೂಟ್ಯೂಬ್ ಚಾನೆಲ್. ಕಾಮೆಂಟಿನಲ್ಲಿ ರೈತರು ಕೇಳುವ ಪ್ರಶ್ನೆಯನ್ನೇ ಟೈಟಲ್ ಮಾಡ್ತೀನಿ ಅಂದಾಗ ಜೊತೆಯ ಚಾನೆಲ್‌ನವರು ಒಪ್ಪಲಿಲ್ಲ. "ಅಷ್ಟು ಸಪ್ಪೆ ಟೈಟಲ್ ಯಾರು ಒತ್ತುತ್ತಾರೆ ಮಾರಾಯ್ರೆ?" ಅಂದರು. ಈ ಮಳೆಗಾಲದಲ್ಲಿ ಅದೇ ಕೆಲಸ ಮಾಡಿತು.

ಮೊದಲು ದುಡ್ಡಿನ ಕಥೆ. ಬೆಂಗಳೂರಿನ ಒಬ್ಬರಿಗೆ ಹತ್ತು ವಿಡಿಯೋಗಳ ಟೈಟಲ್, ಥಂಬ್‌ನೇಲ್ ಸೇರಿ ಆರೇಳು ಸಾವಿರ ಕೊಟ್ಟೆ. ಬಂದಿದ್ದು "ಶಾಕಿಂಗ್! ಅಡಿಕೆ ಬೆಳೆಗಾರರೇ ಎಚ್ಚರ!!!" ಥರದ್ದು. ಸಿಟಿಆರ್, ಅಂದರೆ ಟೈಟಲ್ ಕಂಡವರಲ್ಲಿ ಒತ್ತಿ ನೋಡಿದವರ ಪ್ರಮಾಣ, ಏರಿತು, ನಿಜ. ಆದರೆ ಜನ ಅರ್ಧ ನಿಮಿಷಕ್ಕೇ ಎದ್ದು ಹೋದರು. ಆಮೇಲೆ ಇಂಪ್ರೆಶನ್ನೂ (ಯೂಟ್ಯೂಬ್ ವಿಡಿಯೋವನ್ನು ಜನರ ಮುಂದಿಡುವ ಲೆಕ್ಕ) ಇಳಿಯಿತು. ಆ ತಿಂಗಳ ಆಡ್‌ಸೆನ್ಸ್ ಜಾಹೀರಾತಿನ ದುಡ್ಡು ಅವರ ಫೀಸಿನ ಅರ್ಧಕ್ಕೂ ಸಾಲಲಿಲ್ಲ.

ಕೊಳೆರೋಗದ ಹಳೆಯ ವಿಡಿಯೋ ಒಂದಿತ್ತು. ಮಾಹಿತಿ ಗಟ್ಟಿ. ಈ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಬೆರೆಸುವ ಕ್ರಮ ಎಲ್ಲವನ್ನೂ ತೋರಿಸಿದ್ದೆ. ಟೈಟಲ್ ಮಾತ್ರ "ಅಡಿಕೆ ಕೊಳೆರೋಗದ ಸಮಗ್ರ ನಿರ್ವಹಣೆ, ಭಾಗ 2". ಕೆಳಗೆ ಒಬ್ಬರು ಕೇಳಿದ್ದರು: "ಬೋರ್ಡೋ ಹೊಡೆದ ಮೇಲೆ ಮಳೆ ಬಂದ್ರೆ ಮತ್ತೆ ಹೊಡೀಬೇಕಾ?" ಒಂದಕ್ಷರ ತಿದ್ದದೆ ಅದನ್ನೇ ಟೈಟಲ್‌ಗೆ ಹಾಕಿದೆ. ಉತ್ತರ ಐದನೇ ನಿಮಿಷದ ಹತ್ತಿರ ಇತ್ತು. ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲೇ ಪೀಠಿಕೆ ಕತ್ತರಿಸಿ ಅದನ್ನು ಮುಂದಕ್ಕೆ ತಂದೆ. ಸಿಟಿಆರ್ ಶೇ. 3ರ ಆಸುಪಾಸಿನಿಂದ 8ರ ಹತ್ತಿರ ಹೋಯಿತು. ಜನ ಕೂತು ನೋಡಿದರು ಕೂಡ. ಆ ಒಂದೇ ವಿಡಿಯೋ ಬೆಂಗಳೂರಿನವರಿಗೆ ಕೊಟ್ಟ ದುಡ್ಡನ್ನು ದುಡಿದು ಕೊಟ್ಟಿತು. ನಮ್ಮ ಕಡೆಯ ಕೃಷಿ ಚಾನೆಲ್‌ಗಳಲ್ಲಿ ಈ ಸೀಸನ್‌ಗೆ ಇಷ್ಟು ಓಡಿದ ಕೊಳೆರೋಗದ ವಿಡಿಯೋ ನಾನು ಬೇರೆ ನೋಡಿಲ್ಲ.

ಒಂದು ಮಾತು. ಟೈಟಲ್‌ಗೆ 100 ಕ್ಯಾರೆಕ್ಟರ್ ಇದೆ ಅಂತ ಧಾರಾಳ ಮಾಡಬೇಡಿ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. "ಕ್ಷ" ಒಂದೇ ಮೂರು ತಿನ್ನುತ್ತದೆ. ಮೊಬೈಲಿನಲ್ಲಿ ಬಾಲ ಕಾಣುವುದೂ ಇಲ್ಲ. ಬೆಳೆ, ರೋಗ, ಔಷಧಿ ಈ ಮೂರರಲ್ಲಿ ಒಂದಾದರೂ ಮೊದಲ ಎರಡು ಪದದೊಳಗೆ ಬರಲೇಬೇಕು.

ಸುಮ್ನೆ ನೋಡೋಣ ಅಂತ ಕೆಲವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಟಲ್ ಹಾಕಿದೆ. ಹುಡುಕಿ ಬರುವವರು ಸ್ವಲ್ಪ ಜಾಸ್ತಿಯಾದರು, ಹೋಮ್ ಪೇಜಿನಿಂದ ಬರುವವರು ಕಮ್ಮಿಯಾದರು. ಈಗ ಅದನ್ನು ಡಿಸ್ಕ್ರಿಪ್ಶನ್‌ಗೆ ಮಾತ್ರ ಇಟ್ಟಿದ್ದೇನೆ. ಹಳೆಯ ಟೈಟಲ್ ಬದಲಿಸಲು ದಿನ ಹೇಗೆ ಆರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಾಳುಮೆಣಸಿನ ಸೊರಗು ರೋಗದ ವಿಡಿಯೋಗಳಿಗೂ ಇದನ್ನೇ ಮಾಡುತ್ತಿದ್ದೇನೆ. ಅಲ್ಲಿ ಸಿಟಿಆರ್ ಇನ್ನೂ 5 ದಾಟಿಲ್ಲ. ಕಾಮೆಂಟೇ ಕಮ್ಮಿ, ಹಾಗಾಗಿ ಗೊಬ್ಬರದ ಅಂಗಡಿಯಲ್ಲಿ ಕೂತು ರೈತರು ಏನು ಕೇಳುತ್ತಾರೆ ಅಂತ ಬರೆದುಕೊಳ್ಳಲು ಶುರು ಮಾಡಿದ್ದೇನೆ.